ಭಾವನಾತ್ಮಕ ಜಾಹೀರಾತು ಚಿತ್ರಗಳಲ್ಲಿ ಕಥನದ ತೊಡಕು ಮತ್ತು ಬ್ರಾಂಡಿನ ಕಾರಕಸ್ಥಾನ

ಸಾರಾಂಶ

ಸರಕಿನ ಗುಣವನ್ನು ಹೊಗಳದೆ, ಕೊಳ್ಳಿರೆಂದು ಕರೆಯದೆ, ಒಂದು ಕಥೆಯನ್ನಷ್ಟೇ ಹೇಳಿ ಕೊನೆಯಲ್ಲಿ ಸಂಸ್ಥೆಯ ಹೆಸರು ತೋರಿಸುವ ಜಾಹೀರಾತು ಚಿತ್ರಗಳನ್ನು ಭಾಷಾವಿಜ್ಞಾನದ ನೆಲೆಯಿಂದ ಹೇಗೆ ವಿಶ್ಲೇಷಿಸಬಹುದೆಂಬುದನ್ನು ಈ ಲೇಖನವು ವಿವರಿಸುತ್ತದೆ. ಲಬೋವ್ ಮತ್ತು ವಾಲೆಟ್ಸ್ಕಿಯವರ ಕಥನಮಾದರಿಯನ್ನೂ ಕಾರಕ ಪರಿಕಲ್ಪನೆಯನ್ನೂ ಜೊತೆಯಾಗಿ ಬಳಸಿ, ಗೂಗಲ್ ಸಂಸ್ಥೆಯ ‘ರಿಯೂನಿಯನ್’ (2013) ಚಿತ್ರವನ್ನು ವಿವರವಾಗಿಯೂ ಇತರ ಮೂರು ಚಿತ್ರಗಳನ್ನು ಹೋಲಿಕೆಗಾಗಿ ಸಂಕ್ಷಿಪ್ತವಾಗಿಯೂ ಪರಿಶೀಲಿಸಲಾಗಿದೆ. ಇಂತಹ ಚಿತ್ರಗಳಲ್ಲಿ ಬ್ರಾಂಡು ಯಾವ ಕಾರಕಸ್ಥಾನದಲ್ಲಿ ನಿಲ್ಲುತ್ತದೆಯೋ ಆ ಸ್ಥಾನವೇ ಕಥೆಯ ತೊಡಕು ಏನಾಗಿರಬಹುದೆಂಬುದನ್ನು ನಿರ್ಧರಿಸುತ್ತದೆ ಎಂಬುದು ನಮ್ಮ ವಾದ. ಕನ್ನಡದ ‘ಇಂದ’ ಪ್ರತ್ಯಯದ ಬಹ್ವರ್ಥಕತೆ ಈ ಪ್ರಕ್ರಿಯೆಯನ್ನು ಕಾಣಲು ಉಪಯುಕ್ತವಾದ ಸಾಧನವೆಂದು ತೋರಿಸಲಾಗಿದೆ.

ಪ್ರಮುಖ ಪದಗಳು: ಕಥನ ವಿಶ್ಲೇಷಣೆ, ಕಾರಕ, ಜಾಹೀರಾತು ಸಂಕಥನ, ಸೂಚಿತಾರ್ಥ, ತೃತೀಯಾ ವಿಭಕ್ತಿ

1. ಪೀಠಿಕೆ

ಜಾಹೀರಾತಿನ ಭಾಷೆಯನ್ನು ಕುರಿತ ವ್ಯವಸ್ಥಿತ ಅಧ್ಯಯನವು ಜೆಫ್ರಿ ಲೀಚ್ ಅವರ 1966ರ ಗ್ರಂಥದಷ್ಟು ಹಳೆಯದು. ಇಂಗ್ಲಿಷ್ ಜಾಹೀರಾತುಗಳ ವಾಕ್ಯರಚನೆ ಮತ್ತು ಪದಸಂಪತ್ತುಗಳನ್ನು ಅವರು ಅಲ್ಲಿ ಪರಿಶೀಲಿಸಿದರು. ಗೈ ಕುಕ್ ಅವರು 1992ರಲ್ಲಿ ಚಿತ್ರ, ಸಂಗೀತ ಮತ್ತು ಮಾತುಗಳನ್ನು ಒಟ್ಟಾಗಿ ನೋಡುವ ಸಂಕಥನದ ನೆಲೆಗೆ ಈ ಚರ್ಚೆಯನ್ನು ಒಯ್ದರು. ಕೇಕೊ ತನಾಕಾ ಅವರು 1994ರಲ್ಲಿ ಪ್ರಸಂಗಾರ್ಥ ವಿಜ್ಞಾನದ ಬೆಳಕಿನಲ್ಲಿ, ಜಾಹೀರಾತುದಾರನು ತನ್ನ ಉದ್ದೇಶವನ್ನು ತೆರೆದಿಡದೆ ನಡೆಸುವ ಸಂವಹನವನ್ನು ವಿವೇಚಿಸಿದರು.

ವಿಶೇಷಣಗಳ ಬಳಕೆ, ತರತಮ ರೂಪಗಳು, ವಿಧ್ಯರ್ಥಕ ಕ್ರಿಯಾಪದಗಳು, ಪ್ರಾಸ ಮತ್ತು ಶ್ಲೇಷೆ ಇವು ಜಾಹೀರಾತಿನ ಭಾಷೆಯ ಅಧ್ಯಯನದಲ್ಲಿ ಬಹುಕಾಲ ಮುಖ್ಯ ಸಾಮಗ್ರಿಯಾಗಿದ್ದವು. ಭಾವನಾತ್ಮಕ ಕಥನವನ್ನು ಆಶ್ರಯಿಸುವ ಜಾಹೀರಾತು ಚಿತ್ರಗಳಲ್ಲಿ ಈ ಸಾಮಗ್ರಿ ಬಹುತೇಕ ಇಲ್ಲವಾಗುತ್ತದೆ. ಮೂರು ನಿಮಿಷಗಳ ಚಿತ್ರವೊಂದರಲ್ಲಿ ಸರಕಿನ ಕುರಿತು ಒಂದು ಗುಣವಾಚಕವೂ ಬಾರದಿರಬಹುದು. ‘ಕೊಳ್ಳಿ’, ‘ಬಳಸಿ’ ಎಂಬ ವಿಧಿರೂಪ ಕೇಳಿಸದಿರಬಹುದು. ಹೊಗಳಿಕೆಯ ಭಾಷೆಯೇ ಇಲ್ಲದ ಜಾಹೀರಾತಿನಲ್ಲಿ ಭಾಷಾವಿಜ್ಞಾನಿಯು ಏನನ್ನು ವಿಶ್ಲೇಷಿಸಬೇಕು? ಕಥೆಯಲ್ಲಿ ಯಾರು ಯಾವ ಪಾತ್ರವನ್ನು ವ್ಯಾಕರಣದ ಅರ್ಥದಲ್ಲಿ ವಹಿಸುತ್ತಾರೆ ಎಂಬುದನ್ನು ವಿಶ್ಲೇಷಿಸಬೇಕು ಎಂಬುದು ನಮ್ಮ ಉತ್ತರ. ಈ ಪ್ರಶ್ನೆಯು ಕೇವಲ ತಾಂತ್ರಿಕವಾದುದಲ್ಲ. ದೇಶವಿಭಜನೆ, ಲಿಂಗತ್ವ ಅಲ್ಪಸಂಖ್ಯಾತರ ಹಕ್ಕು, ಬಡ ಮಗುವಿನ ಶಿಕ್ಷಣ ಮುಂತಾದ ಸಾರ್ವಜನಿಕ ಸಂಗತಿಗಳು ಇಂದು ಇಂತಹ ಚಿತ್ರಗಳ ಮೂಲಕವೂ ಅಪಾರ ಜನರನ್ನು ತಲುಪುತ್ತಿವೆ. ಆ ಸಂಗತಿಗಳು ಯಾವ ರೂಪದಲ್ಲಿ ತಲುಪುತ್ತವೆ ಎಂಬುದು ಕಥನದ ವ್ಯಾಕರಣಕ್ಕೆ ಸಂಬಂಧಿಸಿದ ವಿಷಯ.

2. ವಿಶ್ಲೇಷಣೆಯ ಉಪಕರಣಗಳು

2.1 ಕಥನದ ಅಂಗಗಳು

ವಿಲಿಯಂ ಲಬೋವ್ ಮತ್ತು ಜೋಶುವಾ ವಾಲೆಟ್ಸ್ಕಿ ಅವರು 1967ರಲ್ಲಿ, ಜನರು ತಮ್ಮ ಅನುಭವವನ್ನು ಬಾಯಿಮಾತಿನಲ್ಲಿ ಹೇಳುವ ಕಥನಗಳ ರಚನೆಯನ್ನು ವಿವರಿಸಿದರು. 1972ರಲ್ಲಿ ಲಬೋವ್ ಅದನ್ನು ಪರಿಷ್ಕರಿಸಿದ ಮೇಲೆ ನೆಲೆನಿಂತ ಮಾದರಿಯಲ್ಲಿ ಆರು ಅಂಗಗಳಿವೆ: ಸಾರಸೂಚನೆ, ಹಿನ್ನೆಲೆ, ತೊಡಕು, ಮೌಲ್ಯಸೂಚನೆ, ಪರಿಹಾರ ಮತ್ತು ಸಮಾಪನ. ಕಾಲಾನುಕ್ರಮದಲ್ಲಿ ಜೋಡಣೆಗೊಂಡ ಉಪವಾಕ್ಯಗಳು ಕಥನದ ಬೆನ್ನೆಲುಬು. ಅವುಗಳ ಕ್ರಮ ಬದಲಾದರೆ ಘಟನೆಯೇ ಬದಲಾಗುತ್ತದೆ. ಮೌಲ್ಯಸೂಚನೆಯು ‘ಈ ಕಥೆಯನ್ನು ಏಕೆ ಹೇಳಬೇಕಾಯಿತು’ ಎಂಬ ಪ್ರಶ್ನೆಗೆ ನಿರೂಪಕನು ಕೊಡುವ ಉತ್ತರ. ಅದು ಕಥೆಯ ಹೊರಗೆ ನಿಂತು ಆಡಿದ ಮಾತಾಗಿರಬಹುದು, ಪಾತ್ರದ ಮಾತು ಅಥವಾ ಕ್ರಿಯೆಯೊಳಗೆ ಹುದುಗಿರಬಹುದು. ಸಮಾಪನವು ಕಥಾಲೋಕದಿಂದ ಕೇಳುಗನನ್ನು ವರ್ತಮಾನಕ್ಕೆ ಮರಳಿ ತರುತ್ತದೆ.

ಈ ಮಾದರಿಯನ್ನು ಜಾಹೀರಾತು ಚಿತ್ರಕ್ಕೆ ಅನ್ವಯಿಸಿದಾಗ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಮೊದಲನೆಯದಾಗಿ, ಸಾರಸೂಚನೆ ಇರುವುದಿಲ್ಲ. ‘ಒಂದು ಸರಕನ್ನು ಮಾರಲು ಈ ಕಥೆ ಹೇಳುತ್ತಿದ್ದೇವೆ’ ಎಂದು ಆರಂಭದಲ್ಲಿಯೇ ತಿಳಿಸಿದರೆ ಕಥೆ ನಿಲ್ಲುವುದಿಲ್ಲ. ಎರಡನೆಯದಾಗಿ, ಬ್ರಾಂಡಿನ ಹೆಸರು ಸಮಾಪನದ ಸ್ಥಾನದಲ್ಲಿ ಬರುತ್ತದೆ. ನಿರೂಪಕನು ‘ಇದಾದದ್ದು ಹೀಗೆ’ ಎಂದು ಕೇಳುಗನತ್ತ ತಿರುಗುವ ಜಾಗದಲ್ಲಿ ಸಂಸ್ಥೆಯು ನಿಂತಿರುತ್ತದೆ. ಹೀಗೆ ಅದುವರೆಗಿನ ಕಥೆಯನ್ನು ಹೇಳಿದವರು ಯಾರು ಎಂಬುದು ಕೊನೆಯಲ್ಲಿ ಗೊತ್ತಾಗುತ್ತದೆ.

2.2 ಕಾರಕ ಮತ್ತು ‘ಇಂದ’

ಕ್ರಿಯೆಯೊಂದಿಗೆ ನಾಮಪದಗಳಿಗಿರುವ ಸಂಬಂಧವನ್ನು ಕರ್ತೃ, ಕರ್ಮ, ಕರಣ, ಸಂಪ್ರದಾನ, ಅಪಾದಾನ, ಅಧಿಕರಣ ಎಂದು ಪಾಣಿನೀಯ ಪರಂಪರೆಯು ವಿಂಗಡಿಸಿತು. ಚಾರ್ಲ್ಸ್ ಫಿಲ್ಮೋರ್ ಅವರು 1968ರಲ್ಲಿ ಮಂಡಿಸಿದ ಕಾರಕ ವ್ಯಾಕರಣವೂ ವಾಕ್ಯದ ಮೇಲ್ರಚನೆಯ ಕೆಳಗೆ ಇಂತಹ ಸಂಬಂಧಗಳಿವೆಯೆಂದು ಗುರುತಿಸಿತು. ಇಂಗ್ಲಿಷಿನಂತಹ ಭಾಷೆಯಲ್ಲಿ ಕರಣವು ಕರ್ತೃಸ್ಥಾನಕ್ಕೆ ಸಲೀಸಾಗಿ ಏರುತ್ತದೆ. ಬೀಗದಕೈಯೇ ಬಾಗಿಲನ್ನು ತೆರೆಯಿತೆಂಬ ಬಗೆಯ ವಾಕ್ಯ ಅಲ್ಲಿ ಸಹಜ. ಕನ್ನಡದ ಸಹಜ ಒಲವು ‘ಬೀಗದಕೈಯಿಂದ ಬಾಗಿಲು ತೆರೆಯಿತು’ ಎಂಬ ಅಕರ್ಮಕ ರಚನೆಯ ಕಡೆಗಿದೆ.

ಇಲ್ಲಿ ‘ಇಂದ’ ಪ್ರತ್ಯಯವು ವಿಶೇಷ ಗಮನಕ್ಕೆ ಅರ್ಹ. ಸಾಂಪ್ರದಾಯಿಕ ವ್ಯಾಕರಣವು ತೃತೀಯೆಗೆ ‘ಇಂದ’ವನ್ನೂ ಪಂಚಮಿಗೆ ‘ದೆಸೆಯಿಂದ’ವನ್ನೂ ಹೇಳಿದರೂ, ಬಳಕೆಯ ಕನ್ನಡದಲ್ಲಿ ‘ಇಂದ’ವೊಂದೇ ಹಲವು ಸಂಬಂಧಗಳನ್ನು ಹೊರುತ್ತದೆ. ‘ಕೊಡಲಿಯಿಂದ ಕಡಿದನು’ ಎಂಬಲ್ಲಿ ಕರಣ, ‘ಮಳೆಯಿಂದ ಬೆಳೆ ಹಾಳಾಯಿತು’ ಎಂಬಲ್ಲಿ ಹೇತು, ‘ನಿನ್ನಿಂದ ಕೆಲಸ ಕೆಟ್ಟಿತು’ ಎಂಬಲ್ಲಿ ಹೊಣೆಗಾರನಾದ ವ್ಯಕ್ತಿ, ‘ಊರಿನಿಂದ ಬಂದನು’ ಎಂಬಲ್ಲಿ ಅಪಾದಾನ. ಕರಣದಿಂದ ಹೇತುವಿಗೆ, ಹೇತುವಿನಿಂದ ಹೊಣೆಗಾರನಿಗೆ ಅರ್ಥವು ಸರಿದರೂ ರೂಪವು ಬದಲಾಗುವುದಿಲ್ಲ. ಜಾಹೀರಾತಿನ ಕಥೆಯನ್ನು ಕನ್ನಡದಲ್ಲಿ ಮರಳಿ ಹೇಳಿದಾಗ ಈ ಸರಿತವು ನಮ್ಮ ಕಣ್ಣೆದುರೇ ನಡೆಯುತ್ತದೆ.

2.3 ಲೋಪಪರೀಕ್ಷೆ

ವಾಕ್ಯದ ಒಂದು ಘಟಕವನ್ನು ತೆಗೆದುಹಾಕಿ, ಉಳಿದದ್ದು ವಾಕ್ಯವಾಗಿ ನಿಲ್ಲುವುದೇ ಎಂದು ನೋಡುವುದು ವಾಕ್ಯವಿಜ್ಞಾನದ ಪರಿಚಿತ ವಿಧಾನ. ಅದನ್ನೇ ನಾವು ಕಥನಕ್ಕೆ ವಿಸ್ತರಿಸುತ್ತೇವೆ. ಕಥೆಯಿಂದ ಬ್ರಾಂಡಿನ ಹೆಸರನ್ನು ತೆಗೆದರೆ ಕಥೆ ನಿಲ್ಲುತ್ತದೆಯೇ? ಹೆಸರಿನೊಡನೆ ಬ್ರಾಂಡಿನ ಕಾರ್ಯವನ್ನೂ ತೆಗೆದರೆ ಉಳಿಯುವುದೇನು? ಈ ಎರಡು ಪ್ರಶ್ನೆಗಳ ಉತ್ತರದಿಂದ ಬ್ರಾಂಡಿನ ಕಾರಕಸ್ಥಾನವು ತಿಳಿಯುತ್ತದೆ.

3. ‘ರಿಯೂನಿಯನ್’: ಒಂದು ವಿವರವಾದ ಓದು

3.1 ಕಥಾಸಾರ

2013ರ ನವೆಂಬರ್‌ನಲ್ಲಿ ಪ್ರಕಟವಾದ ಈ ಚಿತ್ರವನ್ನು ಗೂಗಲ್ ಇಂಡಿಯಾಕ್ಕಾಗಿ ಒಗಿಲ್ವಿ ಸಂಸ್ಥೆ ರೂಪಿಸಿತು. ನಿರ್ದೇಶಕರು ಅಮಿತ್ ಶರ್ಮಾ. ದೆಹಲಿಯಲ್ಲಿರುವ ವೃದ್ಧ ಬಲದೇವ್ ತನ್ನ ಮೊಮ್ಮಗಳು ಸುಮನ್‌ಗೆ ಹಳೆಯ ಫೋಟೋವೊಂದನ್ನು ತೋರಿಸಿ, ವಿಭಜನೆಗೆ ಮುಂಚೆ ಲಾಹೋರಿನಲ್ಲಿದ್ದ ಬಾಲ್ಯದ ಗೆಳೆಯ ಯೂಸುಫ್‌ನ ಸಂಗತಿ ಹೇಳುತ್ತಾನೆ. ಪುರಾತನ ದ್ವಾರವಿದ್ದ ಉದ್ಯಾನದ ಬಳಿ ಗಾಳಿಪಟ ಹಾರಿಸಿದ್ದು, ಯೂಸುಫ್‌ನ ಮನೆಯವರ ಮಿಠಾಯಿ ಅಂಗಡಿಯಿಂದ ಇಬ್ಬರೂ ಝಝರಿಯಾ ಎಂಬ ಸಿಹಿಯನ್ನು ಕದ್ದು ತಿಂದದ್ದು ಆ ನೆನಪಿನಲ್ಲಿವೆ. ಸುಮನ್ ಈ ವಿವರಗಳನ್ನು ಗೂಗಲ್‌ನಲ್ಲಿ ಹುಡುಕಿ ಅಂಗಡಿಯನ್ನು ಪತ್ತೆಹಚ್ಚಿ ಫೋನ್ ಮಾಡುತ್ತಾಳೆ. ಅತ್ತ ಯೂಸುಫ್‌ನ ಮೊಮ್ಮಗ ಅಲಿ ಭಾರತದ ವೀಸಾ ಕುರಿತ ಮಾಹಿತಿಯನ್ನು ಹುಡುಕುತ್ತಾನೆ. ಕೊನೆಗೆ ಬಲದೇವ್‌ನ ಹುಟ್ಟುಹಬ್ಬದಂದು ಯೂಸುಫ್ ಅವನ ಮನೆಯ ಬಾಗಿಲಲ್ಲಿ ನಿಂತಿರುತ್ತಾನೆ. ಬಲದೇವ್‌ನ ಪಾತ್ರದಲ್ಲಿ ವಿಶ್ವಮೋಹನ ಬಡೋಲಾ ಅವರೂ ಯೂಸುಫ್‌ನ ಪಾತ್ರದಲ್ಲಿ ಮೈಸೂರು ಮೂಲದ ರಂಗಕರ್ಮಿ, ಚಲನಚಿತ್ರ ನಿರ್ದೇಶಕ ಎಂ. ಎಸ್. ಸತ್ಯು ಅವರೂ ನಟಿಸಿದ್ದಾರೆ.

ಚಿತ್ರದಲ್ಲಿ ಮೌಲ್ಯಸೂಚನೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಫೋನು ಹಿಡಿದ ಯೂಸುಫ್‌ನ ಮುಖದಲ್ಲಿ ಗುರುತು ಮೂಡುವ ಗಳಿಗೆಯಲ್ಲಿ ಅದು ಹುದುಗಿದೆ. ಕದ್ದು ತಿಂದ ಸಿಹಿಯೇ ಇಲ್ಲಿ ಅಭಿಜ್ಞಾನ. ಶಕುಂತಲೆಯ ಉಂಗುರದಂತೆ, ಇಬ್ಬರಿಗಷ್ಟೇ ತಿಳಿದಿದ್ದ ಗುರುತು. ಹೀಗೆ ಮೌಲ್ಯಸೂಚನೆಯನ್ನು ಪೂರ್ಣಗೊಳಿಸುವ ಕೆಲಸವು ನೋಡುಗನಿಗೆ ಸೇರುತ್ತದೆ. ತಾನೇ ಕಂಡುಕೊಂಡ ಅರ್ಥವನ್ನು ನೋಡುಗನು ಸಂಶಯಿಸುವುದು ಕಡಿಮೆ.

3.2 ನೆನಪಿನಿಂದ ಹುಡುಕುಪದಕ್ಕೆ

ಈ ಚಿತ್ರದ ಭಾಷಿಕ ಕೇಂದ್ರವು ಒಂದು ರೂಪಾಂತರದಲ್ಲಿದೆ. ಅಜ್ಜನ ನೆನಪು ಕಥನರೂಪದಲ್ಲಿದೆ: ಅದಕ್ಕೆ ಭೂತಕಾಲವಿದೆ, ಉತ್ತಮಪುರುಷ ಬಹುವಚನವಿದೆ, ರೂಢಿಯಾಗಿ ನಡೆಯುತ್ತಿದ್ದ ಕ್ರಿಯೆಗಳಿವೆ. ಕನ್ನಡದಲ್ಲಿ ಅದನ್ನು ‘ನಾವು ಸಂಜೆಹೊತ್ತು ಗಾಳಿಪಟ ಹಾರಿಸುತ್ತಿದ್ದ, ಹಳೆಯ ಹೆಬ್ಬಾಗಿಲಿದ್ದ ಉದ್ಯಾನ’ ಎಂದು ಹೇಳಬಹುದು. ಸುಮನ್ ಇದನ್ನು ಹುಡುಕುವಾಗ ಅದು ‘ಹಳೆಯ ಹೆಬ್ಬಾಗಿಲು, ಉದ್ಯಾನ, ಲಾಹೋರ್’ ಎಂಬ ಬಗೆಯ ನಾಮಪದಗಳ ಜೋಡಣೆಯಾಗುತ್ತದೆ.

ಈ ರೂಪಾಂತರದಲ್ಲಿ ಅಳಿದವು ಯಾವುವು? ಕೃದಂತ ವಿಶೇಷಣ ಹೋಯಿತು, ಅದರೊಡನೆ ಕಾಲ ಹೋಯಿತು. ‘ನಾವು’ ಎಂಬ ಸರ್ವನಾಮ ಹೋಯಿತು, ಅದರೊಡನೆ ಅನುಭವಿಸಿದವನು ಹೋದನು. ಉಳಿದವು ಸ್ಥಳವಾಚಕ ಮತ್ತು ವಸ್ತುವಾಚಕ ನಾಮಗಳು. ಲಬೋವ್ ಅವರು ಕಥನಕ್ಕೆ ಅನಿವಾರ್ಯವೆಂದ ಕಾಲಸಂಬಂಧಿ ಜೋಡಣೆಯು ಹುಡುಕುಪದದಲ್ಲಿ ಸಂಪೂರ್ಣವಾಗಿ ಕಳಚಿದೆ. ಯಂತ್ರಕ್ಕೆ ಬೇಕಾದದ್ದು ಇಷ್ಟೇ. ಅದಕ್ಕೆ ವಿಭಜನೆಯ ಅಗತ್ಯವಿಲ್ಲ, ವಿಳಾಸದ ಅಗತ್ಯವಿದೆ. ನೋಡುಗನ ಮನಸ್ಸಿನಲ್ಲಿ ಮಾತ್ರ ಅಜ್ಜನ ಕಥನವೂ ಮೊಮ್ಮಗಳ ನಾಮಪದಗಳೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ; ಆದ್ದರಿಂದ ಹುಡುಕುಪೆಟ್ಟಿಗೆಯಲ್ಲಿ ಅಕ್ಷರಗಳು ಮೂಡುವ ಯಾಂತ್ರಿಕ ದೃಶ್ಯವೂ ಕರುಣಾರ್ದ್ರವಾಗುತ್ತದೆ.

3.3 ಅಧಿಕರಣದಿಂದ ಕರ್ತೃವಿಗೆ

ಕಥೆಯನ್ನು ಕನ್ನಡದಲ್ಲಿ ಮರಳಿ ಹೇಳುವಾಗ ಬ್ರಾಂಡಿಗೆ ದೊರೆಯಬಹುದಾದ ವಿಭಕ್ತಿಗಳನ್ನು ಕ್ರಮವಾಗಿ ಗಮನಿಸೋಣ.

(ಅ) ಸುಮನ್ ಅಂಗಡಿಯ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದಳು.
(ಆ) ಸುಮನ್ ಗೂಗಲ್‌ನಿಂದ ಅಂಗಡಿಯನ್ನು ಪತ್ತೆಹಚ್ಚಿದಳು.
(ಇ) ಗೂಗಲ್‌ನಿಂದ ಗೆಳೆಯರು ಒಂದಾದರು.
(ಈ) ಗೂಗಲ್ ಗೆಳೆಯರನ್ನು ಒಂದುಗೂಡಿಸಿತು.

(ಅ)ದಲ್ಲಿ ಗೂಗಲ್ ಅಧಿಕರಣ. ಕ್ರಿಯೆ ನಡೆದ ಜಾಗ. ಕನ್ನಡಿಗರ ದಿನಬಳಕೆಯಲ್ಲಿ ಹೆಚ್ಚು ಸಹಜವಾದ ರೂಪವಿದು. (ಆ)ದಲ್ಲಿ ಅದು ಕರಣ. ಕರ್ತೃ ಇನ್ನೂ ಸುಮನ್. (ಇ)ದಲ್ಲಿ ಪ್ರತ್ಯಯ ಅದೇ ಆದರೂ ಅರ್ಥ ಹೇತುವಿಗೆ ಸರಿದಿದೆ, ಏಕೆಂದರೆ ಕ್ರಿಯಾಪದ ಅಕರ್ಮಕವಾಗಿ ಸುಮನ್ ವಾಕ್ಯದಿಂದ ಮರೆಯಾಗಿದ್ದಾಳೆ. (ಈ)ದಲ್ಲಿ ಪ್ರೇರಣಾರ್ಥಕ ಕ್ರಿಯಾಪದ ಬಂದು ಗೂಗಲ್ ಕರ್ತೃವಾಗಿದೆ.

ಚಿತ್ರವು ತೋರಿಸುವುದು (ಅ) ಮತ್ತು (ಆ)ಗಳನ್ನು ಮಾತ್ರ. (ಈ)ಯನ್ನು ಅದು ಎಲ್ಲಿಯೂ ಹೇಳುವುದಿಲ್ಲ. ಹೇಳಿದ್ದರೆ ಅದೊಂದು ಪ್ರತಿಪಾದನೆಯಾಗುತ್ತಿತ್ತು, ‘ಒಂದುಗೂಡಿಸಿದ್ದು ಮೊಮ್ಮಗಳಲ್ಲವೇ?’ ಎಂದು ಯಾರಾದರೂ ಕೇಳಬಹುದಿತ್ತು. (ಆ)ದಿಂದ (ಇ)ಕ್ಕೆ ಸಾಗುವ ಹೆಜ್ಜೆಯನ್ನು ನೋಡುಗನು ತಾನೇ ಇಡುತ್ತಾನೆ. ಕನ್ನಡದಲ್ಲಿ ಆ ಹೆಜ್ಜೆಗೆ ಪ್ರತ್ಯಯವನ್ನೂ ಬದಲಿಸಬೇಕಾಗಿಲ್ಲ.

ಶೀರ್ಷಿಕೆಯೂ ಇದೇ ಕೆಲಸ ಮಾಡುತ್ತದೆ. ‘ರಿಯೂನಿಯನ್’, ಅಂದರೆ ‘ಪುನರ್ಮಿಲನ’, ಕ್ರಿಯೆಯನ್ನು ಹೆಸರಿಸುವ ಭಾವನಾಮ. ಭಾವನಾಮಗಳಲ್ಲಿ ಕರ್ತೃವನ್ನು ಹೇಳಲೇಬೇಕೆಂಬ ನಿರ್ಬಂಧವಿಲ್ಲ. ಯಾರು ಯಾರನ್ನು ಸೇರಿಸಿದರು ಎಂಬ ಸ್ಥಾನವು ತೆರವಾಗಿಯೇ ಉಳಿದು, ಸಮಾಪನದಲ್ಲಿ ಕಾಣಿಸಿಕೊಳ್ಳುವ ಹೆಸರಿಗಾಗಿ ಕಾಯುತ್ತದೆ.

3.4 ತೊಡಕಿನ ಅಳತೆ

ಲೋಪಪರೀಕ್ಷೆಯನ್ನು ಇಲ್ಲಿ ಅನ್ವಯಿಸಿದರೆ ಗೂಗಲ್ ಎಂಬ ಹೆಸರನ್ನು ತೆಗೆಯಬಹುದು, ಆದರೆ ಹುಡುಕಾಟವನ್ನು ತೆಗೆಯಲಾಗದು. ಹುಡುಕಾಟವಿಲ್ಲದೆ ಕಥೆಯಿಲ್ಲ. ಇದರಿಂದ ಮುಖ್ಯವಾದ ಪರಿಣಾಮವೊಂದು ಉಂಟಾಗುತ್ತದೆ. ಪರಿಹಾರದ ಕರಣವು ಮೊದಲೇ ನಿಶ್ಚಿತವಾಗಿರುವುದರಿಂದ ತೊಡಕೂ ಆ ಕರಣಕ್ಕೆ ನಿಲುಕುವಂತಹದಾಗಿರಬೇಕು. ಹುಡುಕುಯಂತ್ರವು ನೀಗಿಸಬಲ್ಲ ಕೊರತೆ ಒಂದೇ. ಅದು ಮಾಹಿತಿಯ ಕೊರತೆ. ಆದ್ದರಿಂದ 1947ರಿಂದ ಅಗಲಿದ್ದ ಗೆಳೆಯರ ಸಂಕಟವು ಈ ಕಥೆಯಲ್ಲಿ ‘ಗೆಳೆಯ ಎಲ್ಲಿದ್ದಾನೆಂದು ತಿಳಿಯದು’ ಎಂಬ ತೊಡಕಾಗಿ ರೂಪುಗೊಳ್ಳುತ್ತದೆ.

ವೀಸಾ ಪ್ರಸಂಗವು ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ‘ವೀಸಾಕ್ಕೆ ಏನೇನು ಬೇಕು?’ ಎಂಬುದು ಜ್ಞಾನಕ್ಕೆ ಸಂಬಂಧಿಸಿದ ಪ್ರಶ್ನೆ. ‘ವೀಸಾ ಕೊಡುತ್ತಾರೆಯೇ?’ ಎಂಬುದು ಅನುಮತಿಗೆ ಸಂಬಂಧಿಸಿದ ಪ್ರಶ್ನೆ. ಎರಡನೆಯ ಪ್ರಶ್ನೆಯ ಕರ್ತೃ ಪ್ರಭುತ್ವ, ಕ್ರಿಯೆ ಕೊಡುವುದು ಅಥವಾ ನಿರಾಕರಿಸುವುದು, ಸಂಪ್ರದಾನ ಪ್ರಯಾಣಿಕ. ಚಿತ್ರದಲ್ಲಿ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕ ಕೂಡಲೇ ಎರಡನೆಯದೂ ಬಗೆಹರಿದಂತಾಗುತ್ತದೆ. ‘ತಿಳಿ’ ಎಂಬ ಧಾತುವು ‘ಕೊಡು’ ಎಂಬ ಧಾತುವಿನ ಜಾಗವನ್ನು ಆಕ್ರಮಿಸುತ್ತದೆ; ಕೊಡುವವನೂ ಕೊಡದಿರುವವನೂ ವಾಕ್ಯದಿಂದ ಹೊರಬೀಳುತ್ತಾರೆ. ಚಿತ್ರ ಪ್ರಕಟವಾದಾಗ ಎರಡೂ ದೇಶಗಳಲ್ಲಿ ಪ್ರಯಾಣದ ನಿರ್ಬಂಧಗಳು ಸಡಿಲವಾಗಲೆಂಬ ಆಶಯ ವ್ಯಕ್ತವಾಯಿತು. ಕಥೆಯೊಳಗೆ ತೊಡಕಾಗಲು ಅವಕಾಶ ಸಿಗದ ಅನುಮತಿಯ ಪ್ರಶ್ನೆಯು ನೋಡುಗರ ಮಾತಿನಲ್ಲಿ ಹೀಗೆ ಮರಳಿ ಬಂದಿತು.

ಇಲ್ಲಿ ಸತ್ಯು ಅವರ ಉಪಸ್ಥಿತಿಯು ಹೋಲಿಕೆಗೆ ದಾರಿ ಮಾಡಿಕೊಡುತ್ತದೆ. ಅವರ ನಿರ್ದೇಶನದ ‘ಗರಂ ಹವಾ’ (1973) ವಿಭಜನೆಯ ಅನಂತರ ಆಗ್ರಾದಲ್ಲಿಯೇ ಉಳಿದ ಮುಸ್ಲಿಂ ಕುಟುಂಬವೊಂದರ ಕಥೆ. ಸಲೀಂ ಮಿರ್ಜಾನ ಕುಟುಂಬವು ಪೂರ್ವಿಕರ ಮನೆಯನ್ನು ಕಳೆದುಕೊಳ್ಳುತ್ತದೆ, ವ್ಯಾಪಾರಕ್ಕೆ ಸಾಲ ಸಿಗುವುದಿಲ್ಲ, ಬೇಹುಗಾರಿಕೆಯ ಸಂಶಯಕ್ಕೆ ಗುರಿಯಾಗುತ್ತದೆ. ಅಲ್ಲಿನ ತೊಡಕುಗಳ ಕ್ರಿಯಾಪದಗಳು ‘ಕಸಿದುಕೊಳ್ಳು’, ‘ನಿರಾಕರಿಸು’, ‘ಸಂಶಯಿಸು’ ಎಂಬಂತಹವು. ಅವೆಲ್ಲ ಸಕರ್ಮಕ, ಅವೆಲ್ಲಕ್ಕೂ ಕರ್ತೃಗಳಿದ್ದಾರೆ. ಅವನ್ನು ಪರಿಹರಿಸಬಲ್ಲ ಒಂದೇ ಕರಣವೆಂಬುದು ಆ ಕಥೆಯಲ್ಲಿ ಇಲ್ಲ, ಇರಬೇಕಾದ ಒತ್ತಡವೂ ಇಲ್ಲ. ಎರಡೂ ಚಿತ್ರಗಳ ಗಾತ್ರ ಬೇರೆ, ಉದ್ದೇಶ ಬೇರೆ; ಒಂದನ್ನು ಮೇಲೆಂದೂ ಇನ್ನೊಂದನ್ನು ಕೀಳೆಂದೂ ಹೇಳುವುದು ನಮ್ಮ ಗುರಿಯಲ್ಲ. ಅದೇ ಐತಿಹಾಸಿಕ ಸಂಗತಿಯು ಕರಣದ ಪೂರ್ವನಿಶ್ಚಯವಿರುವ ಕಥನದಲ್ಲಿ ಮತ್ತು ಇಲ್ಲದ ಕಥನದಲ್ಲಿ ಎಷ್ಟು ಭಿನ್ನವಾದ ವಾಕ್ಯಗಳಾಗುತ್ತದೆ ಎಂಬುದನ್ನು ತೋರಿಸುವುದಷ್ಟೇ ಗುರಿ.

4. ಹೋಲಿಕೆಗಾಗಿ ಮೂರು ಚಿತ್ರಗಳು

4.1 ಸಂಬಂಧ ವಿಭಕ್ತಿಯ ಸಂದಿಗ್ಧತೆ

ಬ್ರಿಟನ್ನಿನ ಜಾನ್ ಲೂಯಿಸ್ ಮಳಿಗೆಯು 2011ರ ಕ್ರಿಸ್‌ಮಸ್‌ಗಾಗಿ ಹೊರತಂದ ‘ದಿ ಲಾಂಗ್ ವೇಟ್’ ಚಿತ್ರದಲ್ಲಿ ಹುಡುಗನೊಬ್ಬ ಹಬ್ಬದ ದಿನಕ್ಕಾಗಿ ಚಡಪಡಿಸುತ್ತಾನೆ. ಸಂಭಾಷಣೆಯಿಲ್ಲ, ಹಾಡೊಂದಿದೆ. ಹಬ್ಬದ ಬೆಳಗ್ಗೆ ಅವನು ತನಗೆ ಬಂದ ಉಡುಗೊರೆಗಳನ್ನು ಮುಟ್ಟದೆ, ತಾನೇ ಸುತ್ತಿಟ್ಟ ಪೆಟ್ಟಿಗೆಯೊಂದನ್ನು ತಂದೆತಾಯಿಯರಿಗೆ ಕೊಡಲು ಹೋಗುತ್ತಾನೆ. ಕನ್ನಡದ ‘ಹುಡುಗನ ಉಡುಗೊರೆ’ ಎಂಬ ಪದಪುಂಜವು ಈ ಚಿತ್ರದ ಸಂಪೂರ್ಣ ಕಥಾತಂತ್ರವನ್ನು ಒಳಗೊಂಡಿದೆ. ಷಷ್ಠಿಯು ಹುಡುಗನು ಪಡೆಯುವವನೋ ಕೊಡುವವನೋ ಎಂದು ಹೇಳುವುದಿಲ್ಲ. ಅವನು ಪಡೆಯುವವನೆಂದು ನೋಡುಗನು ಊಹಿಸಿರುತ್ತಾನೆ. ಕೊನೆಯ ದೃಶ್ಯ ಆ ಊಹೆಯನ್ನು ತಿದ್ದುತ್ತದೆ. ಇಲ್ಲಿನ ತೊಡಕು ಕಾಯುವಿಕೆ ಮಾತ್ರ. ಮಳಿಗೆಯು ಕೊಡುವಿಕೆಯ ಮೂಲವಾಗಿ, ಅಂದರೆ ಅಪಾದಾನವಾಗಿ, ಕಥೆಯ ಹೊರಗೇ ನಿಂತಿದೆ. ತೊಡಕೂ ಸರಕೂ ಸರಿಸಮವಾಗಿರುವುದರಿಂದ ಹಿಂದಿನ ಚಿತ್ರದಲ್ಲಿ ಕಂಡ ಇಕ್ಕಟ್ಟು ಇಲ್ಲಿಲ್ಲ.

4.2 ಕರಣವೇ ಇಲ್ಲದ ಕಥೆ

ಥಾಯ್ ಲೈಫ್ ಇನ್ಶೂರೆನ್ಸ್ ಸಂಸ್ಥೆಯ ‘ಅನ್‌ಸಂಗ್ ಹೀರೋ’ (2014) ಚಿತ್ರವು ವಿರುದ್ಧ ತುದಿಯಲ್ಲಿದೆ. ಒಬ್ಬ ಸಾಮಾನ್ಯ ಮನುಷ್ಯ ಒಣಗಿದ ಗಿಡಕ್ಕೆ ನೀರು ಬೀಳುವಂತೆ ಮಾಡುತ್ತಾನೆ, ನಾಯಿಗೆ ತನ್ನ ಊಟದ ಪಾಲು ಕೊಡುತ್ತಾನೆ, ನೆರೆಯ ವೃದ್ಧೆಯ ಬಾಗಿಲಿಗೆ ಬಾಳೆಹಣ್ಣು ತೂಗುಹಾಕುತ್ತಾನೆ, ಮಗಳ ಶಿಕ್ಷಣಕ್ಕಾಗಿ ಬೀದಿಯಲ್ಲಿ ಬೇಡುವ ತಾಯಿಗೆ ಹಣ ಕೊಡುತ್ತಾನೆ. ಇದರಿಂದ ಅವನಿಗೆ ಸಿಗುವುದೇನು ಎಂದು ನಿರೂಪಕನು ಕೇಳಿ, ಸಿರಿಯಾಗಲಿ ಕೀರ್ತಿಯಾಗಲಿ ಅಲ್ಲ, ಹಣಕ್ಕೆ ನಿಲುಕದ ಭಾವಗಳು ಎಂದು ತಾನೇ ಉತ್ತರಿಸುತ್ತಾನೆ. ‘ರಿಯೂನಿಯನ್’ನಲ್ಲಿ ಹುದುಗಿದ್ದ ಮೌಲ್ಯಸೂಚನೆ ಇಲ್ಲಿ ಬಹಿರಂಗವಾಗಿದೆ.

ಲೋಪಪರೀಕ್ಷೆಯಲ್ಲಿ ವಿಮೆಯನ್ನು ಸಂಪೂರ್ಣವಾಗಿ ತೆಗೆಯಬಹುದು. ಕಥೆಗೆ ಲವಲೇಶವೂ ಕೊರತೆಯಾಗದು. ಬ್ರಾಂಡು ಇಲ್ಲಿ ಕಾರಕವಲ್ಲ, ನಿರೂಪಕ. ಒಳ್ಳೆಯತನದ ಅರ್ಥವನ್ನು ವಿವರಿಸಿದ ದನಿಯ ಒಡೆತನವನ್ನು ಅದು ಸಮಾಪನದಲ್ಲಿ ಪಡೆಯುತ್ತದೆ. ಈ ನಿರೂಪಕನ ಪ್ರಶ್ನೆಯು ‘ಅವನಿಗೆ’ ಎಂಬ ಚತುರ್ಥಿಯ ಸುತ್ತ ಸುತ್ತುತ್ತದೆ. ಮಗುವಿಗೆ ಶಾಲೆ ಏಕೆ ದೊರೆತಿರಲಿಲ್ಲ ಎಂಬ ವಾಕ್ಯಕ್ಕೆ ಅಲ್ಲಿ ಸ್ಥಳವಿಲ್ಲ, ಏಕೆಂದರೆ ಮಗುವು ಕಥೆಯಲ್ಲಿ ದಾನದ ಸಂಪ್ರದಾನವಾಗಿ ಮಾತ್ರ ಬಂದಿದೆ.

4.3 ‘ಅಮ್ಮ’: ಪದ ಮೊದಲು, ಚಿತ್ರ ಆಮೇಲೆ

ವಿಕ್ಸ್ ಬ್ರಾಂಡಿನ ‘ಟಚ್ ಆಫ್ ಕೇರ್’ ಸರಣಿಯ 2017ರ ಚಿತ್ರವನ್ನು ನೀರಜ್ ಘಾಯ್ವಾನ್ ನಿರ್ದೇಶಿಸಿದರು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಹೋರಾಟಗಾರ್ತಿ ಗೌರಿ ಸಾವಂತ್ ಅವರ ಬದುಕನ್ನು ಆಧರಿಸಿದ ಇದರಲ್ಲಿ ಅವರೇ ಕಾಣಿಸಿಕೊಂಡಿದ್ದಾರೆ. ಹೆತ್ತ ತಾಯಿಯನ್ನು ಕಳೆದುಕೊಂಡ ಬಾಲಕಿಯೊಬ್ಬಳು ತನ್ನನ್ನು ಸಾಕಿದ ಅಮ್ಮನ ಬಗ್ಗೆ ಹೇಳುತ್ತಾಳೆ. ಆ ಅಮ್ಮ ಲಿಂಗಪರಿವರ್ತಿತ ಮಹಿಳೆಯೆಂಬುದು ನೋಡುಗನಿಗೆ ತಡವಾಗಿ ತಿಳಿಯುತ್ತದೆ.

ಭಾಷಿಕವಾಗಿ ಇಲ್ಲಿ ನಡೆಯುವುದು ಸೂಕ್ಷ್ಮವಾದುದು. ಬಂಧುವಾಚಕವು ಸಂಬಂಧವನ್ನು ಮೊದಲೇ ಸ್ಥಾಪಿಸಿಬಿಟ್ಟಿರುತ್ತದೆ. ಚಿತ್ರ ಆಮೇಲೆ ಬರುತ್ತದೆ. ಮಗುವಿನ ಮಾತಿನಲ್ಲಿ ಆಕೆ ಅಮ್ಮನೆಂದು ಒಪ್ಪಿಕೊಂಡ ನೋಡುಗನು, ಮುಖವನ್ನು ಕಂಡ ಮೇಲೆ ಆ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬೇಕಾದರೆ ಮಗುವಿನ ಮಾತನ್ನೇ ಅಲ್ಲಗಳೆಯಬೇಕಾಗುತ್ತದೆ. ಹಿಂದಿಯಲ್ಲಿ ಸಂಬಂಧಸೂಚಕ ಸರ್ವನಾಮವೂ ಕ್ರಿಯಾಪದವೂ ಲಿಂಗವನ್ನು ಸೂಚಿಸುತ್ತವೆ; ‘ಆತೀ ಹೈಂ’ ಎಂಬ ಗೌರವ ಬಹುವಚನದಲ್ಲಿಯೂ ಸ್ತ್ರೀಲಿಂಗ ಉಳಿಯುತ್ತದೆ. ಇಂತಹ ನಿರೂಪಣೆಯನ್ನು ಕನ್ನಡಕ್ಕೆ ತರುವುದಾದರೆ ಅನುವಾದಕನು ಆಯ್ಕೆ ಮಾಡಲೇಬೇಕು. ‘ಅಮ್ಮ ಬರುತ್ತಾಳೆ’ ಎಂದರೆ ಲಿಂಗವೂ ಸಲುಗೆಯೂ ಉಳಿಯುತ್ತವೆ. ‘ಅಮ್ಮ ಬರುತ್ತಾರೆ’ ಎಂದರೆ ಗೌರವ ಬಂದು ಕ್ರಿಯಾಪದದ ಲಿಂಗ ಅಳಿಯುತ್ತದೆ. ಸ್ತ್ರೀತ್ವದ ಮನ್ನಣೆಯೇ ಕಥೆಯ ಹೃದಯವಾಗಿರುವಾಗ ‘-ಆಳೆ’ ಮತ್ತು ‘-ಆರೆ’ಗಳ ನಡುವಿನ ಆಯ್ಕೆ ಶೈಲಿಯ ಪ್ರಶ್ನೆಯಷ್ಟೇ ಆಗಿ ಉಳಿಯದು.

ತೊಡಕಿನ ವಿಷಯದಲ್ಲಿ ಈ ಚಿತ್ರವು ನಮ್ಮ ವಾದವನ್ನು ಪರೀಕ್ಷೆಗೊಡ್ಡುತ್ತದೆ. ಪೌರನೀತಿಯ ಪುಸ್ತಕದಲ್ಲಿ ಎಲ್ಲರಿಗೂ ಸಮಾನ ಹಕ್ಕು ಎಂದಿರುವಾಗ ತನ್ನ ಅಮ್ಮನಿಗೇಕೆ ಇಲ್ಲ ಎಂದು ಬಾಲಕಿ ಕೇಳುತ್ತಾಳೆ. ಅಮ್ಮನ ಬಯಕೆಯಂತೆ ವೈದ್ಯೆಯಾಗದೆ ಅಮ್ಮನಿಗಾಗಿ ವಕೀಲೆಯಾಗುವೆನೆನ್ನುತ್ತಾಳೆ. ಲಿಂಗತ್ವ ಅಲ್ಪಸಂಖ್ಯಾತರನ್ನು ತೃತೀಯ ಲಿಂಗಿಗಳೆಂದು ಗುರುತಿಸಿದ ಸುಪ್ರೀಂ ಕೋರ್ಟಿನ 2014ರ ತೀರ್ಪಿನ ಅನಂತರವೂ ಈ ಪ್ರಶ್ನೆಗೆ ಅವಕಾಶವಿತ್ತು. ಇಲ್ಲಿ ಹಕ್ಕಿನ ತೊಡಕು ಕಥೆಯೊಳಗೆ ಬಂದಿದೆ ಎಂಬುದನ್ನು ಒಪ್ಪಬೇಕು. ಆದರೆ ಅದಕ್ಕೆ ಪರಿಹಾರ ಭವಿಷ್ಯತ್ಕಾಲದಲ್ಲಿದೆ. ವರ್ತಮಾನದಲ್ಲಿ ಪರಿಹಾರ ಕಂಡ ತೊಡಕು ಅನಾಥ ಮಗುವಿನ ಆರೈಕೆ. ಸಮಾಪನವು ಆರೈಕೆ ಎಂಬ ಪದವನ್ನೇ ಬ್ರಾಂಡಿಗೆ ಜೋಡಿಸುತ್ತದೆ. ‘ಹಕ್ಕು’ ಎಂಬ ನಾಮಕ್ಕೆ ಕೊಡಬೇಕಾದ ಪ್ರತಿಪಕ್ಷವೊಂದಿದೆ. ‘ಆರೈಕೆ’ಗೆ ಅಂತಹ ಪ್ರತಿಪಕ್ಷವಿಲ್ಲ. ಅಂತೂ ಬ್ರಾಂಡು ಕಥೆಯ ಕರಣವಾಗದೆ ಬರಿಯ ಪದಸಂಬಂಧದಿಂದ ಸೇರಿದಾಗ ಕಥೆಗೆ ಹೆಚ್ಚಿನ ಸ್ವಾತಂತ್ರ್ಯ ದೊರೆಯುತ್ತದೆಂಬುದು ಈ ಹೋಲಿಕೆಯಿಂದ ತಿಳಿಯುತ್ತದೆ.

5. ಪ್ರತಿಪಾದನೆ, ಸೂಚಿತಾರ್ಥ ಮತ್ತು ಹೊಣೆ

ಪಾಲ್ ಗ್ರೈಸ್ ಅವರ ವಿವೇಚನೆಯಂತೆ ಸೂಚಿತಾರ್ಥದ ಒಂದು ಲಕ್ಷಣವೆಂದರೆ ಆಡಿದ ಮಾತಿಗೆ ವಿರೋಧ ಬಾರದಂತೆ ಅದನ್ನು ರದ್ದುಗೊಳಿಸಬಹುದು. ‘ಗೆಳೆಯರನ್ನು ಒಂದುಗೂಡಿಸಿದ್ದು ನಾವೆಂದು ನಾವು ಹೇಳಲೇ ಇಲ್ಲ’ ಎಂದು ಸಂಸ್ಥೆಯು ಹೇಳಿದರೆ ಅದು ಸುಳ್ಳಾಗದು. ಸ್ಪರ್ಬರ್ ಮತ್ತು ವಿಲ್ಸನ್ ಅವರು 1986ರಲ್ಲಿ ಮಂಡಿಸಿದ ಪ್ರಸ್ತುತತಾ ಸಿದ್ಧಾಂತದ ಪ್ರಕಾರ, ಸೂಚಿತಾರ್ಥವು ದುರ್ಬಲವಾದಷ್ಟೂ ಅದರ ಹೊಣೆ ಕೇಳುಗನ ಕಡೆಗೆ ವಾಲುತ್ತದೆ. ಕಥನರೂಪದ ಜಾಹೀರಾತು ಇಂತಹ ದುರ್ಬಲ ಸೂಚಿತಾರ್ಥಗಳ ದಟ್ಟಣೆ.

ಭಾರತದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019, ದಾರಿತಪ್ಪಿಸುವ ಜಾಹೀರಾತನ್ನು ನಿರೂಪಿಸುವಾಗ ಸ್ಪಷ್ಟವಾಗಿ ಹೇಳಿದ್ದನ್ನು ಮಾತ್ರವಲ್ಲದೆ ಸೂಚಿತವಾಗಿ ಹೇಳಿದ್ದನ್ನೂ ಪರಿಗಣಿಸುತ್ತದೆ. ಆದರೆ ಆ ನಿರೂಪಣೆಯ ಕೇಂದ್ರದಲ್ಲಿರುವುದು ಸರಕು ಮತ್ತು ಸೇವೆಗಳ ಕುರಿತ ಸುಳ್ಳು. ನಾವು ಮೇಲೆ ಕಂಡ ಚಿತ್ರಗಳಲ್ಲಿ ಸರಕಿನ ಬಗ್ಗೆ ಸುಳ್ಳೇನೂ ಇಲ್ಲ. ಹುಡುಕುಯಂತ್ರದಿಂದ ಅಂಗಡಿಯ ವಿಳಾಸ ಸಿಗುವುದು ನಿಜ. ಮರುರೂಪಗೊಳ್ಳುವುದು ಲೋಕದ ತೊಡಕು. ಅದನ್ನು ಅಳೆಯುವ ಕೆಲಸ ಕಾನೂನಿನದಲ್ಲ, ಸಂಕಥನ ವಿಶ್ಲೇಷಣೆಯದು.

ರಸಸಿದ್ಧಾಂತದ ದೃಷ್ಟಿಯೂ ಇಲ್ಲಿ ನೆರವಾಗುತ್ತದೆ. ಭಟ್ಟನಾಯಕ ಮತ್ತು ಅಭಿನವಗುಪ್ತರು ವಿವರಿಸಿದ ಸಾಧಾರಣೀಕರಣದಲ್ಲಿ ಭಾವವು ‘ಇವನದು’, ‘ನನ್ನದು’ ಎಂಬ ಸಂಬಂಧಗಳಿಂದ ಬಿಡುಗಡೆ ಹೊಂದಿ ಆಸ್ವಾದ್ಯವಾಗುತ್ತದೆ. ಜಾಹೀರಾತು ಚಿತ್ರವೂ ಬಲದೇವ್‌ನ ಅಗಲಿಕೆಯನ್ನು ಎಲ್ಲರ ಅಗಲಿಕೆಯನ್ನಾಗಿ ಮಾಡುತ್ತದೆ. ಅದರ ಕಲಾತ್ಮಕ ಯಶಸ್ಸನ್ನು ಅಲ್ಲಗಳೆಯಲಾಗದು. ಸಮಾಪನದಲ್ಲಿ ಮಾತ್ರ ಆ ಭಾವಕ್ಕೆ ಮತ್ತೆ ಷಷ್ಠೀ ವಿಭಕ್ತಿ ಹತ್ತುತ್ತದೆ, ಈ ಬಾರಿ ಸಂಸ್ಥೆಯ ಹೆಸರಿನೊಂದಿಗೆ.

6. ಉಪಸಂಹಾರ

ಪ್ರಸ್ತುತ ಚರ್ಚೆಯಿಂದ ಮೂರು ತೀರ್ಮಾನಗಳು ಹೊರಡುತ್ತವೆ. ಒಂದು, ಭಾವನಾತ್ಮಕ ಜಾಹೀರಾತು ಚಿತ್ರದಲ್ಲಿ ಬ್ರಾಂಡು ಕಥೆಯೊಳಗೆ ಕರ್ತೃವಾಗುವುದನ್ನು ತಪ್ಪಿಸಿ ಅಧಿಕರಣ, ಕರಣ ಅಥವಾ ನಿರೂಪಕನ ಸ್ಥಾನದಲ್ಲಿ ನಿಲ್ಲುತ್ತದೆ; ಕರ್ತೃತ್ವವನ್ನು ನೋಡುಗನೇ ಅದಕ್ಕೆ ಒಪ್ಪಿಸುತ್ತಾನೆ. ಎರಡು, ಬ್ರಾಂಡು ಪರಿಹಾರದ ಕರಣವಾಗಿರುವಲ್ಲಿ ತೊಡಕು ಆ ಕರಣದ ಅಳತೆಗೆ ಕತ್ತರಿಸಲ್ಪಡುತ್ತದೆ; ಕರಣವಾಗಿಲ್ಲದಲ್ಲಿ ಈ ಒತ್ತಡ ಸಡಿಲವಾಗುತ್ತದೆ. ಮೂರು, ಹೀಗೆ ಕತ್ತರಿಸುವಾಗ ಮೊದಲು ಬೀಳುವುದು ಸಕರ್ಮಕ ಕ್ರಿಯೆಗಳ ಹೊಣೆಗಾರ ಕರ್ತೃಗಳು.

ನಾಲ್ಕು ಚಿತ್ರಗಳ ಆಧಾರದ ಮೇಲೆ ನಿಂತ ಈ ತೀರ್ಮಾನಗಳನ್ನು ವಿಸ್ತೃತ ಸಾಮಗ್ರಿಯಲ್ಲಿ ಪರೀಕ್ಷಿಸಬೇಕಾಗಿದೆ. ಸಂಶೋಧನಾರ್ಥಿಗಳು ಕೈಗೊಳ್ಳಬಹುದಾದ ಸರಳ ಪ್ರಯೋಗವೊಂದಿದೆ: ಚಿತ್ರವನ್ನು ನೋಡಿದ ಕನ್ನಡ ಭಾಷಿಕರಿಂದ ಕಥೆಯನ್ನು ಬಾಯಿಮಾತಿನಲ್ಲಿ ಹೇಳಿಸಿ, ಬ್ರಾಂಡಿನ ಹೆಸರಿಗೆ ಅವರು ಹಚ್ಚುವ ವಿಭಕ್ತಿಯನ್ನೂ ಅದರೊಡನೆ ಬರುವ ಕ್ರಿಯಾಪದದ ಸಕರ್ಮಕತೆಯನ್ನೂ ದಾಖಲಿಸುವುದು, ಕೆಲವು ವಾರಗಳ ಅನಂತರ ಮತ್ತೆ ಹೇಳಿಸಿ ‘-ಅಲ್ಲಿ’ಯಿಂದ ‘ಇಂದ’ಕ್ಕೆ, ‘ಇಂದ’ದಿಂದ ಪ್ರಥಮೆಗೆ ಸರಿತ ನಡೆದಿದೆಯೇ ಎಂದು ನೋಡುವುದು. ಉಪಭಾಷೆಗಳಲ್ಲಿ ‘ಇಂದ’ದ ಅರ್ಥವ್ಯಾಪ್ತಿ ಬೇರೆಯಾಗಿರುವುದರಿಂದ ಫಲಿತಗಳಲ್ಲಿಯೂ ಭೇದವಿರಬಹುದು. ಅದೇ ರೀತಿ, ಹಿಂದಿಯಿಂದ ಕನ್ನಡಕ್ಕೆ ಧ್ವನಿಮರುಲೇಪನಗೊಳ್ಳುವ ಜಾಹೀರಾತುಗಳಲ್ಲಿ ಬಂಧುವಾಚಕ, ಗೌರವ ಬಹುವಚನ ಮತ್ತು ಲಿಂಗಸೂಚನೆಗಳು ಪಡೆಯುವ ಮಾರ್ಪಾಡುಗಳೂ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾಗಿವೆ. ಕಥೆಯನ್ನು ಮರಳಿ ಹೇಳುವ ನೋಡುಗನ ವಾಕ್ಯದಲ್ಲಿ ಸುಮನ್ ಉಳಿಯುತ್ತಾಳೆಯೋ ಇಲ್ಲವೋ ಎಂಬುದೇ ಅಂತಿಮವಾಗಿ ನಮ್ಮ ವಾದದ ಒರೆಗಲ್ಲು.